ಶಿಕ್ಷಕರ ಕ್ಷೇತ್ರಕ್ಕೆ ನಿಲ್ಲಬೇಕು ಅಂತಿದ್ದೇನೆ, ಅನುಭವ ಇದ್ದವರು ಹೇಳಿ

ನಾನು ಹಾಸನ ಕಡೆಯ ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತ ಮೇಷ್ಟ್ರು. ವಿಧಾನ ಪರಿಷತ್ತಿನ ದಕ್ಷಿಣ ಶಿಕ್ಷಕರ ಕ್ಷೇತ್ರಕ್ಕೆ ಪಕ್ಷೇತರನಾಗಿ ನಿಲ್ಲುವ ಆಸೆ. ಎಲ್ಲಿಂದ ಶುರು ಮಾಡಲಿ?

ನಿವೃತ್ತ ಮುಖ್ಯಶಿಕ್ಷಕರು:
ಸರ್, ಪ್ರಚಾರದಿಂದ ಅಲ್ಲ, ನಮೂನೆ 19ರಿಂದ, ಅಂದರೆ ಶಿಕ್ಷಕರು ಈ ಕ್ಷೇತ್ರದ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಕೊಡುವ ಅರ್ಜಿಯಿಂದ. ಮಾಮೂಲಿ ಮತದಾರರ ಪಟ್ಟಿ ಇಲ್ಲಿ ಲೆಕ್ಕಕ್ಕಿಲ್ಲ. ಹೋದ ಸಲ ಹೆಸರಿತ್ತು ಅಂತ ಸುಮ್ನೆ ಕೂರುವ ಹಾಗೂ ಇಲ್ಲ, ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿ ಆಗುತ್ತದೆ. ಮತದಾರರಾಗಲು ನವೆಂಬರ್ 1ಕ್ಕೆ ಹಿಂದಿನ 6 ವರ್ಷದಲ್ಲಿ ಒಟ್ಟು 3 ವರ್ಷ ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲೆ ಪಾಠ ಮಾಡಿರಬೇಕು. ಜೊತೆಗೆ ಶಾಲೆಯ ಮುಖ್ಯಸ್ಥರ ಸೇವಾ ದೃಢೀಕರಣ. ನೀವೊಬ್ಬರೇ ಊರೆಲ್ಲ ಸುತ್ತಿ ಅರ್ಜಿಗಳ ಕಟ್ಟು ತಂದರೆ ತೆಗೆದುಕೊಳ್ಳುವುದಿಲ್ಲ. ಮುಖ್ಯಸ್ಥರು ತಮ್ಮ ಸಿಬ್ಬಂದಿಯದ್ದನ್ನು ಒಟ್ಟಿಗೆ ಕೊಡಬಹುದು. ಹಾಗಾಗಿ ಮೊದಲು ಅವರನ್ನು ಒಲಿಸಿಕೊಳ್ಳಿ. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ನಾಲ್ಕು ಜಿಲ್ಲೆ ಇದೆ. ನಿಮ್ಮನ್ನು ಮೆಚ್ಚುವ ಮೇಷ್ಟ್ರ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ಏನು ಬಂತು?

ಒಮ್ಮೆ ನಿಂತು ಸೋತ ಮೇಡಂ:
ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ ಅರ್ಧ. ಪಕ್ಷೇತರರಿಗೆ ಕ್ಷೇತ್ರದ 10 ಮತದಾರರು ಸೂಚಕರು. ಅದೇನೂ ಕಷ್ಟವಲ್ಲ. ಕಷ್ಟ ಹಣದ್ದು. ವಿಧಾನಸಭೆಗೆ ಇರುವ ಖರ್ಚಿನ ಮಿತಿ ಈ ಚುನಾವಣೆಗೆ ಇಲ್ಲ! ಎದುರಿನವರು ಊಟ, ಉಡುಗೊರೆ ಅಂತ ಸುರಿಯುತ್ತಾರೆ. ಅವರು ಮೇಷ್ಟ್ರೇ ಆಗಿರಬೇಕು ಅಂತಲೂ ಇಲ್ಲ. ರಾಜ್ಯದಲ್ಲಿ ಮತದಾರರಾಗಿ 30 ವರ್ಷ ತುಂಬಿದ್ದರೆ ಸಾಕು. ನನಗೆ ಕೆಲಸಕ್ಕೆ ಬಂದದ್ದು ಸ್ಟಾಫ್ ರೂಮಿನ ಮಾತು. ಭಾಷಣ ಬೇಡ. 2006ರ ಏಪ್ರಿಲ್ ನಂತರ, ಅಂದರೆ ಹಳೇ ಪಿಂಚಣಿ ಇಲ್ಲದೆ ಸೇರಿದವರು ಪಿಂಚಣಿ ಬಗ್ಗೆ ಕೇಳಿಯೇ ಕೇಳುತ್ತಾರೆ. ಹಳೇ ಪಿಂಚಣಿ ತರಿಸುತ್ತೇನೆ ಅಂತ ಸುಳ್ಳು ಭರವಸೆ ಕೊಡಬೇಡಿ, 75 ಜನರ ಸದನದಲ್ಲಿ ಶಿಕ್ಷಕರ ಕ್ಷೇತ್ರದವರು 7 ಮಂದಿ ಮಾತ್ರ.

ಎಣಿಕೆ ಏಜೆಂಟ್ ಆಗಿದ್ದವರು:
ಇಲ್ಲಿ ಮತದಾರರು ಅಭ್ಯರ್ಥಿಗಳ ಮುಂದೆ 1, 2, 3 ಅಂತ ಇಷ್ಟದ ಕ್ರಮ ಬರೆಯುತ್ತಾರೆ, ಹಾಗಾಗಿ ಎರಡನೇ ಪ್ರಾಶಸ್ತ್ಯ ಮರೆಯಬೇಡಿ. ಸಿಂಧುವಾದ ಮತದಲ್ಲಿ ಅರ್ಧಕ್ಕಿಂತ ಒಂದು ಜಾಸ್ತಿ ಯಾರಿಗೂ ಬರದಿದ್ದರೆ ಕೊನೆಯವರನ್ನು ಕೈಬಿಟ್ಟು ಅವರ ಮತಪತ್ರದ ಮುಂದಿನ ಆಯ್ಕೆ ಹಂಚುತ್ತಾರೆ. "ಒಂದು ಅವರಿಗೆ ಕೊಡಿ ಪರವಾಗಿಲ್ಲ, ಎರಡು ನನಗಿರಲಿ" ಅಂತ ಕೇಳಲು ನಾಚಿಕೆ ಬೇಡ. ಆಮೇಲೆ, ಓದಿದವರೇ ಮತ ಕೆಡಿಸುತ್ತಾರೆ ಸರ್! ಟಿಕ್ ಹಾಕುತ್ತಾರೆ, ಸಹಿ ಮಾಡುತ್ತಾರೆ, ಜೇಬಿನ ಪೆನ್ನು ತೆಗೆಯುತ್ತಾರೆ. ಮತಗಟ್ಟೆಯಲ್ಲಿ ಕೊಡುವ ನೇರಳೆ ಪೆನ್ನಿನಲ್ಲಿ ಅಂಕಿಯಷ್ಟೇ ಬರೆಯಬೇಕು. ಹೋದ ಕಡೆಯೆಲ್ಲ ಇದನ್ನು ಹೇಳಿ.

ಮತ್ತೆ ಮುಖ್ಯಶಿಕ್ಷಕರು:
ಒಂದು ಬಿಟ್ಟುಹೋಯಿತು. ಸರ್ಕಾರಿ ಶಾಲೆಯವರಾದರೆ ರಾಜೀನಾಮೆ ಕೊಟ್ಟೇ ನಿಲ್ಲಬೇಕು. ನಿಮ್ಮದು ಅನುದಾನಿತ ಶಾಲೆ ಅಲ್ವಾ, ಆಡಳಿತ ಮಂಡಳಿ ಮತ್ತು ಇಲಾಖೆ ಎರಡರಿಂದಲೂ ಉತ್ತರ ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ನಾಮಪತ್ರ ಪರಿಶೀಲನೆಯಲ್ಲಿ ನಿಲ್ಲುವುದಿಲ್ಲ.