ಸೀನನ ಪಟ್ಟಿಗೆ ಪದ್ದಿಯ ಕತ್ತರಿ

ಗೇಮಿಂಗ್ ಕಂಪ್ಯೂಟರ್ ಕಟ್ಟಲು ಹೊರಟವರ ಸ್ವಭಾವ ತಿಳಿಯಬೇಕೆಂದರೆ ಅವರು ಬರೆದ ಪಟ್ಟಿ ನೋಡಿದರೆ ಸಾಕು. ಸೀನನ ಪಟ್ಟಿಯ ಮೊದಲ ಸಾಲು: ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡ್. ಕೊನೆಯ ಸಾಲು: ಪವರ್ ಸಪ್ಲೈ, ಯಾವುದಾದರೂ.

"ಯಾವುದಾದರೂ ಅಂದರೆ?" ಎಂದಳು ಪದ್ದಿ.

"ಕರೆಂಟ್ ಕೊಟ್ಟರೆ ಸಾಕಲ್ವಾ? ಅದರಲ್ಲಿ ಆರಿಸೋಕೆ ಏನಿದೆ?"

"ಅದಕ್ಕೆ ಆಮೇಲೆ ಬರೋಣ. ನಿನ್ನ ಮಾನಿಟರ್ ಯಾವುದು?"

ಸೀನನಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ಮಾನಿಟರ್ ಹಳೆಯದು ಇದೆಯಲ್ಲ. 1080ಪಿ, 60 ಹರ್ಟ್ಸ್. ಚೆನ್ನಾಗಿಯೇ ಇದೆ. ಅದನ್ನೇಕೆ ಈಗ ಮಾತಿಗೆ ಎಳೆಯಬೇಕು?

ಪದ್ದಿ ನಗಲಿಲ್ಲ. ನಗುವ ಕೆಲಸವನ್ನು ಗುಂಡ ಇಬ್ಬರ ಪರವಾಗಿಯೂ ಮಾಡಿದ.

"ಲೋ ಸೀನ" ಎಂದಳು ಪದ್ದಿ, "ನಿನ್ನ ಪರದೆಯಲ್ಲಿ ಇರುವುದು ಸುಮಾರು 20 ಲಕ್ಷ ಪಿಕ್ಸೆಲ್. 4ಕೆ ಪರದೆಯಲ್ಲಿ 83 ಲಕ್ಷ. ಸರಿಯಾಗಿ ನಾಲ್ಕು ಪಟ್ಟು. 5090 ಹುಟ್ಟಿರುವುದೇ ಆ 83 ಲಕ್ಷಕ್ಕೆ ಬಣ್ಣ ತುಂಬೋಕೆ. ಇನ್ನು ನಿನ್ನ ಮಾನಿಟರ್ ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುತ್ತದೆ. ಕಾರ್ಡ್ 250 ಫ್ರೇಮ್, ಅಂದರೆ ಚಿತ್ರ, ತಯಾರಿಸಿ ಕೊಟ್ಟರೂ ನಿನಗೆ ಸಿಗುವುದು 60. ಉಳಿದ 190 ಯಾರಿಗೆ?"

"ಮನಸ್ಸಿನ ಸಮಾಧಾನಕ್ಕೆ" ಎಂದ ಸೀನ.

"ಹಾಗೇನಿಲ್ಲ" ಎಂದು ಗುಂಡ ನಡುವೆ ಬಾಯಿ ಹಾಕಿದ. "ಫ್ರೇಮ್ ಜಾಸ್ತಿ ಇದ್ದರೆ ಮೌಸ್ ಒತ್ತಿದ್ದು ಪರದೆಗೆ ಬೇಗ ತಲುಪುತ್ತದೆ."

"ಸ್ವಲ್ಪ ಬೇಗ. ಆ ಸ್ವಲ್ಪಕ್ಕೆ 575 ವಾಟ್‌ನ ಕಾರ್ಡ್ ಬೇಕಾ?"

ಗುಂಡ ಸುಮ್ಮನಾದ. ಅವನು ಸುಮ್ಮನಾಗುವುದು ಅಪರೂಪ. ಅದಕ್ಕೇ ಪದ್ದಿ ಇನ್ನೂ ಒಂದು ಏಟು ಹಾಕಿದಳು. "ನಿನ್ನದು 144 ಹರ್ಟ್ಸ್ ಮಾನಿಟರ್ ಅಲ್ವಾ? ವಿಂಡೋಸ್ ಸೆಟ್ಟಿಂಗ್‌ನಲ್ಲಿ 144 ಅಂತ ಹಾಕಿದ್ದೀಯಾ? ಎಷ್ಟೋ ಜನರದ್ದು ಕೊಂಡ ದಿನದಿಂದ 60ರಲ್ಲೇ ಓಡುತ್ತಿರುತ್ತದೆ."

"ನನಗೆ ಗೊತ್ತಿಲ್ವಾ ಅದೆಲ್ಲ!" ಎಂದ ಗುಂಡ, ಫೋನ್ ತೆಗೆದು ತಮ್ಮನಿಗೆ ಏನೋ ಮೆಸೇಜ್ ಹಾಕಿದ. ಏನಂತ ನಾವು ಕೇಳಲಿಲ್ಲ.

ಈ ವಿಷಯದಲ್ಲಿ ನಾನು ಪೂರ್ತಿ ಪದ್ದಿಯ ಪಕ್ಷ. ಪಟ್ಟಿ ಶುರುವಾಗಬೇಕಾದ್ದು ಪರದೆಯಿಂದ, ಆಮೇಲೆ ಅದರ ಮೇಲೆ ಆಡುವ ಆಟದಿಂದ. ಆದರೆ ಮಾನಿಟರ್ ಬಗ್ಗೆ ಯಾರೂ ಕನಸು ಕಾಣುವುದಿಲ್ಲ, ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಎಲ್ಲರೂ ಕಾಣುತ್ತಾರೆ. ಅಲ್ಲಿಗೆ ಬಜೆಟ್ಟಿನ ಮುಕ್ಕಾಲು ಪಾಲು ಒಂದೇ ಸಾಲಿನಲ್ಲಿ ಮುಗಿಯುತ್ತದೆ, ಉಳಿದ ಸಾಲುಗಳ ಮುಂದೆಲ್ಲ 'ಯಾವುದಾದರೂ'.

ಗುಂಡನಿಗೆ ಉಸಿರು ಮರಳಿತು. ಅವನ ಮೆಚ್ಚಿನ ಪದ ಹೊರಗೆ ಬಂತು. "ಅಸಲಿಗೆ ನೋಡಬೇಕಾದ್ದು ಬಾಟಲ್‌ನೆಕ್, ಅಂದರೆ ಉಳಿದವನ್ನೆಲ್ಲ ಕಾಯಿಸುವ ನಿಧಾನದ ಭಾಗ. ಯಾವ ಪ್ರೊಸೆಸರ್, ಯಾವ ಕಾರ್ಡ್ ಅಂತ ಹಾಕಿದರೆ ಶೇಕಡಾ ಎಷ್ಟು ಅಂತ ಹೇಳುವ ಕ್ಯಾಲ್ಕುಲೇಟರ್ ಇದೆ ನನ್ನ ಹತ್ತಿರ."

"ಯಾವ ಆಟ ಅಂತ ಕೇಳುತ್ತದಾ ಅದು?"

"ಇಲ್ಲ."

"ಆಟದೊಳಗಿನ ಸೆಟ್ಟಿಂಗ್ ಏನು ಅಂತ?"

"ಅದೂ ಇಲ್ಲ. ಆದರೆ ಉತ್ತರವನ್ನು ದಶಾಂಶದವರೆಗೂ ಕೊಡುತ್ತದೆ."

ಪದ್ದಿ ತಲೆ ಚಚ್ಚಿಕೊಂಡಳು. ಆಮೇಲೆ ಬಿಡಿಸಿ ಹೇಳಿದಳು. ಆಟದ ಲೋಕದಲ್ಲಿ ಯಾರು ಎಲ್ಲಿದ್ದಾರೆ, ಯಾರು ಯಾರಿಗೆ ಗುದ್ದಿದರು, ಮುಂದಿನ ಫ್ರೇಮ್‌ನಲ್ಲಿ ಏನೇನು ಬಿಡಿಸಬೇಕು, ಈ ಲೆಕ್ಕವೆಲ್ಲ ಪ್ರೊಸೆಸರಿನದು. ಪರದೆ ದೊಡ್ಡದಾದರೂ ಚಿಕ್ಕದಾದರೂ ಆ ಕೆಲಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬಿಡಿಸುವ ಕೆಲಸ ಗ್ರಾಫಿಕ್ಸ್ ಕಾರ್ಡಿನದು. ಅದು ಪಿಕ್ಸೆಲ್ ಹೆಚ್ಚಿದಷ್ಟೂ ಹೆಚ್ಚುತ್ತದೆ. ಹಾಗಾಗಿ ಅದೇ ಪ್ರೊಸೆಸರ್, ಅದೇ ಕಾರ್ಡ್ ಇದ್ದರೂ 1080ಪಿಯಲ್ಲಿ ಪ್ರೊಸೆಸರ್ ಹಿಂದೆ ಬೀಳಬಹುದು, 4ಕೆಯಲ್ಲಿ ಕಾರ್ಡ್ ಹಿಂದೆ ಬೀಳಬಹುದು. ಎರಡಕ್ಕೂ ಒಂದೇ ಶೇಕಡಾ ಹೇಗೆ ಬರುತ್ತದೆ?

"ಹಾಗಾದರೆ ಬಾಟಲ್‌ನೆಕ್ ಇಲ್ಲದ ಹಾಗೆ ಕಟ್ಟೋದು ಹೇಗೆ?" ಎಂದ ಸೀನ.

"ಆಗಲ್ಲ. ಯಾವುದೋ ಒಂದು ಭಾಗ ಯಾವಾಗಲೂ ಕೊನೆಗೆ ಬಂದೇ ಬರುತ್ತದೆ. ಅದು ಗ್ರಾಫಿಕ್ಸ್ ಕಾರ್ಡೇ ಆಗಿದ್ದರೆ ಸಂತೋಷಪಡು. ಕೊಟ್ಟ ದುಡ್ಡಿಗೆ ಅದು ಪೂರ್ತಿ ದುಡಿಯುತ್ತಿದೆ ಅಂತ ಅರ್ಥ. ಅನುಮಾನ ಇದ್ದರೆ ಆಟದಲ್ಲಿ ರೆಸಲ್ಯೂಷನ್ ಇಳಿಸಿ ನೋಡು. ಫ್ರೇಮ್ ಜಿಗಿದರೆ ತಡ ಮಾಡುತ್ತಿದ್ದದ್ದು ಕಾರ್ಡ್. ಇದ್ದಲ್ಲೇ ನಿಂತರೆ ಪ್ರೊಸೆಸರ್."

"ಇದಕ್ಕೆ ಕ್ಯಾಲ್ಕುಲೇಟರ್ ಬೇಡವೇ ಬೇಡವಾ?" ಗುಂಡನ ದನಿಯಲ್ಲಿ ನೋವಿತ್ತು.

"ಬೇಡ. ಸೀನ, ನೀನು ಆಡೋದು ಯಾವ ಆಟ?"

ಇಲ್ಲಿ ಸೀನ ಸ್ವಲ್ಪ ತಡವರಿಸಿದ. ಇಷ್ಟು ಹೊತ್ತು ಅವನ ಮಾತು ಕೇಳಿದವರು, ಇವನು ದಿನಾ ರಾತ್ರಿ ಗುಂಡು ಹಾರಿಸುತ್ತಾ ಜಗತ್ತು ಉಳಿಸುತ್ತಾನೆ ಅಂದುಕೊಂಡಿರುತ್ತಾರೆ. ಅವನು ಆಡುವುದು ಊರು ಕಟ್ಟುವ ಆಟ. ರಸ್ತೆ ಹಾಕುವುದು, ಚರಂಡಿ ತೋಡುವುದು, ಬಸ್ ಬಿಡುವುದು.

"ಒಳಚರಂಡಿಗೆ 5090!" ಎಂದು ಗುಂಡ ಮತ್ತೆ ನಗತೊಡಗಿದ.

ಪದ್ದಿ ಮಾತ್ರ ಗಂಭೀರಳಾದಳು. "ನಿನ್ನ ಊರು ದೊಡ್ಡದಾದಾಗ ಆಟ ತಡವರಿಸುತ್ತದಾ?"

"ಲಕ್ಷ ಜನ ದಾಟಿದ ಮೇಲೆ ಬಸ್ಸೆಲ್ಲ ತೆವಳುತ್ತವೆ."

"ಅದು ಪ್ರೊಸೆಸರ್ ಸುಸ್ತಾಗಿ ಮಾಡುವ ಕೆಲಸ. ಲಕ್ಷ ಜನ ಎಲ್ಲಿಗೆ ಹೊರಟರು ಅಂತ ಅದೇ ಲೆಕ್ಕ ಇಡಬೇಕು. ಪಟ್ಟಿಯಲ್ಲಿ ಪ್ರೊಸೆಸರ್ ಯಾವುದು ಬರೆದಿದ್ದೀಯಾ?"

"ರೈಜೆನ್ 7 9800ಎಕ್ಸ್3ಡಿ. ಹೆಸರು ಗತ್ತಾಗಿದೆ ಅಂತ ಬರೆದೆ."

ಪದ್ದಿ ಒಂದು ಕ್ಷಣ ಅವನನ್ನೇ ನೋಡಿದಳು. ಇಡೀ ಪಟ್ಟಿಯಲ್ಲಿ ಸರಿಯಾಗಿದ್ದ ಸಾಲು ಅದೊಂದೇ, ಅದನ್ನೂ ಅವನು ಹೆಸರು ನೋಡಿ ಬರೆದಿದ್ದ. 2024ರ ನವೆಂಬರಿನಲ್ಲಿ ಬಂದ ಚಿಪ್ ಅದು. ಅದರೊಳಗೆ 96 ಎಂಬಿ ಎಲ್3 ಕ್ಯಾಶ್ ಇದೆ. ಪದೇಪದೇ ಬೇಕಾಗುವ ಮಾಹಿತಿ ಪ್ರೊಸೆಸರಿನ ಪಕ್ಕದಲ್ಲೇ ಇರುವುದರಿಂದ ಪ್ರತಿ ಸಲ ರ್‍ಯಾಮ್‌ವರೆಗೆ ಓಡಿಹೋಗುವುದು ತಪ್ಪುತ್ತದೆ. ಹೀಗೆ ಸಾವಿರಾರು ಚಿಕ್ಕ ಲೆಕ್ಕ ಮಾಡುವ ಆಟಗಳಿಗೆ ಅದರಿಂದ ಚೆನ್ನಾಗಿ ಲಾಭವಾಗುತ್ತದೆ.

"ಇದು ಇರಲಿ" ಎಂದಳು ಪದ್ದಿ, ಮನಸ್ಸಿಲ್ಲದ ಮನಸ್ಸಿನಿಂದ. "ಮದರ್‌ಬೋರ್ಡ್?"

"ಬಿ550. ಎರಡೂ ಎಎಂಡಿ ಕಂಪನಿಯ ಕಡೆಯದೇ."

"ಎಎಂಡಿ ಆದರೇನು? ಬಿ550 ಇರುವುದು ಎಎಂ4 ಸಾಕೆಟ್‌ಗೆ, ಅಂದರೆ ಪ್ರೊಸೆಸರ್ ಕೂರುವ ಗೂಡಿಗೆ. ಈ ಪ್ರೊಸೆಸರ್ ಎಎಂ5. ಹಳೆಯದರಲ್ಲಿ ಪ್ರೊಸೆಸರಿನ ಹೊಟ್ಟೆಯ ಕೆಳಗೆ ಪಿನ್ ಇರುತ್ತವೆ, ಹೊಸದರಲ್ಲಿ 1718 ಪಿನ್ ಬೋರ್ಡಿನ ಸಾಕೆಟ್ಟಿನಲ್ಲೇ ಇವೆ."

"ಸ್ವಲ್ಪ ಒತ್ತಿದರೆ?"

"ಒತ್ತು. ಆಮೇಲೆ ಎರಡೂ ಹೊಸದು ತರಬೇಕು."

ರ್‍ಯಾಮ್‌ನ ಸಾಲಿನಲ್ಲಿ ಡಿಡಿಆರ್4 ಅಂತಿತ್ತು. ಅದೂ ಹೋಯಿತು. ಎಎಂ5ರಲ್ಲಿ ಡಿಡಿಆರ್5 ಬಿಟ್ಟರೆ ಬೇರೆ ಮಾತಿಲ್ಲ. ಎರಡರಲ್ಲೂ 288 ಪಿನ್ ಇವೆ, ನೋಡೋಕೆ ಅಣ್ಣತಮ್ಮಂದಿರ ಹಾಗಿವೆ, ಆದರೆ ನಡುವಿನ ಕಚ್ಚು ಬೇರೆ ಕಡೆ ಇರುವುದರಿಂದ ಕೂರುವುದಿಲ್ಲ. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ಟಿನ ಬೋರ್ಡುಗಳಲ್ಲಿ ಇನ್ನೊಂದು ಗೊಂದಲ. ಕೆಲವು ಡಿಡಿಆರ್4, ಕೆಲವು ಡಿಡಿಆರ್5, ಹೆಸರು ಮಾತ್ರ ಹೆಚ್ಚುಕಡಿಮೆ ಒಂದೇ. ಅದನ್ನು ಕೊಳ್ಳುವವರು ಹೆಸರಿನ ಕೊನೆಯ ಅಕ್ಷರದವರೆಗೂ ಓದಬೇಕು.

"ಬಿ650 ಬೋರ್ಡ್ ಹಾಕು" ಎಂದಳು ಪದ್ದಿ. "ಆದರೆ ಅದು ಈ ಪ್ರೊಸೆಸರಿಗಿಂತ ಮೊದಲು ಬಂದದ್ದು. ಹಳೆಯ ಸ್ಟಾಕ್ ಆದರೆ ಬಯಾಸ್, ಅಂದರೆ ಬೋರ್ಡನ್ನು ಎಬ್ಬಿಸುವ ತಂತ್ರಾಂಶ, ಅಪ್‌ಡೇಟ್ ಮಾಡದೆ ಕಂಪ್ಯೂಟರ್ ಏಳುವುದೇ ಇಲ್ಲ. ಪ್ರೊಸೆಸರ್ ಹಾಕದೆಯೇ ಪೆನ್ ಡ್ರೈವ್‌ನಿಂದ ಅಪ್‌ಡೇಟ್ ಮಾಡುವ ಬಟನ್ ಕೆಲವು ಬೋರ್ಡಿನಲ್ಲಿ ಇರುತ್ತದೆ. ಅಂಥದ್ದು ನೋಡಿ ತಗೋ."

"ರ್‍ಯಾಮ್ ನಾಲ್ಕು ಸ್ಟಿಕ್ ಹಾಕುತ್ತೇನೆ. ನಾಲ್ಕೂ ಮಿನುಗುತ್ತವೆ."

"ಎರಡು ಹಾಕು. ಈ ಪ್ರೊಸೆಸರಿಗೆ ಎರಡು ಸ್ಟಿಕ್ ಆದರೆ 5600 ವೇಗ, ನಾಲ್ಕಾದರೆ 3600 ಅಂತ ಎಎಂಡಿಯವರೇ ಬರೆದಿದ್ದಾರೆ. ಎರಡು 16 ಜಿಬಿ ತಗೋ, ಡಿಡಿಆರ್5 6000. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ, ನಾಲ್ಕನೇ ಸ್ಲಾಟ್‌ಗೆ ಹಾಕು. ಆಮೇಲೆ ಬಯಾಸ್‌ನಲ್ಲಿ ಎಕ್ಸ್‌ಪೋ ಆನ್ ಮಾಡು. ಮಾಡದಿದ್ದರೆ ಡಬ್ಬದ ಮೇಲೆ 6000 ಅಂತ ಇರುತ್ತದೆ, ಒಳಗೆ ರ್‍ಯಾಮ್ ತನ್ನ ಪಾಡಿಗೆ ನಿಧಾನವಾಗಿ ಓಡುತ್ತಿರುತ್ತದೆ."

ಗುಂಡ ಮತ್ತೆ ಫೋನ್ ತೆಗೆದು ತಮ್ಮನಿಗೆ ಇನ್ನೊಂದು ಮೆಸೇಜ್ ಹಾಕಿದ.

ಪ್ರೊಸೆಸರನ್ನು ತಣ್ಣಗಿಡುವ ಕೂಲರ್ ಪಟ್ಟಿಯಲ್ಲೇ ಇರಲಿಲ್ಲ. ಪ್ರೊಸೆಸರ್ ಜೊತೆಗೇ ಬರುತ್ತದೆ ಅಂತ ಸೀನ ನಂಬಿದ್ದ. 9800ಎಕ್ಸ್3ಡಿ ಜೊತೆ ಬರುವುದಿಲ್ಲ.

ಇನ್ನು ಗ್ರಾಫಿಕ್ಸ್ ಕಾರ್ಡ್. ಇಲ್ಲಿ ಚೌಕಾಸಿ ಜೋರಾಗಿಯೇ ನಡೆಯಿತು. ಸೀನ 5090ನಿಂದ ಒಂದೊಂದೇ ಮೆಟ್ಟಿಲು ಇಳಿದ, ಪ್ರತಿ ಮೆಟ್ಟಿಲಿಗೂ ಒಂದು ನಿಟ್ಟುಸಿರು. ಕೊನೆಗೆ ಒಪ್ಪಂದ ಆದದ್ದು ಹೀಗೆ: ಹೊಸ ಮಾನಿಟರ್ 1440ಪಿ, ಅಂದರೆ ಸುಮಾರು 37 ಲಕ್ಷ ಪಿಕ್ಸೆಲ್, ವೇಗ 144 ಹರ್ಟ್ಸ್. ಅದಕ್ಕೆ ಆರ್‌ಎಕ್ಸ್ 9070 ಎಕ್ಸ್‌ಟಿ, 16 ಜಿಬಿ ಮೆಮೊರಿ.

"8 ಜಿಬಿಯ ಅಗ್ಗದ ಕಾರ್ಡ್ ಸಾಕಾಗಲ್ವಾ?" ಎಂದು ನಾನು ಕೇಳಿದೆ. ಅಷ್ಟು ಹೊತ್ತು ಸುಮ್ನೆ ಕೂತಿದ್ದಕ್ಕೆ ಏನಾದರೂ ಕೇಳಬೇಕಲ್ಲ.

"ಸಾಕು, ಆಟ ಚಿಕ್ಕದಿದ್ದರೆ. ದೊಡ್ಡ ಆಟದಲ್ಲಿ ಟೆಕ್ಸ್‌ಚರ್, ಅಂದರೆ ವಸ್ತುಗಳ ಮೇಲ್ಮೈಯ ಚಿತ್ರ, ಪೂರ್ತಿ ಏರಿಸಿದರೆ ಮೆಮೊರಿ ತುಂಬುತ್ತದೆ. ಆಮೇಲೆ ಕಾರ್ಡ್ ಎಷ್ಟೇ ಚುರುಕಾಗಿದ್ದರೂ ಆಟ ಮುಗ್ಗರಿಸುತ್ತದೆ. ಮೆಮೊರಿಯನ್ನು ಆಮೇಲೆ ಸೇರಿಸೋಕೆ ಬರಲ್ಲ."

ಹೀಗೆ ಮೇಲಿಂದ ಇಳಿಯುತ್ತಾ ಕೊನೆಯ ಸಾಲಿಗೆ ಬಂದೆವು. ಪದ್ದಿ ಕುರ್ಚಿ ಸರಿಮಾಡಿಕೊಂಡಳು. ಈ ಸಾಲಿಗಾಗಿಯೇ ಅವಳು ಇಷ್ಟು ಹೊತ್ತು ಕಾದಿದ್ದಳು.

"ಪವರ್ ಸಪ್ಲೈ, ಯಾವುದಾದರೂ. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡುವವನು ನೀನೇ ನೋಡು. ಉಳಿದ ಯಾವ ಭಾಗ ಕೆಟ್ಟರೂ ಸಾಮಾನ್ಯವಾಗಿ ಅದೊಂದೇ ಸಾಯುತ್ತದೆ. ಇದು ಕೆಟ್ಟರೆ ಜೊತೆಗೆ ನಾಲ್ಕು ಜನರನ್ನು ಕರೆದುಕೊಂಡು ಹೋಗಬಹುದು. ಈ ಕಾರ್ಡ್ 304 ವಾಟ್ ಎಳೆಯುತ್ತದೆ, ಪ್ರೊಸೆಸರ್ ಲೆಕ್ಕ 120. ಕಾರ್ಡ್ ಒಮ್ಮೊಮ್ಮೆ ಕಣ್ಣು ಮಿಟುಕಿಸುವುದರೊಳಗೆ ಹೇಳಿದ್ದಕ್ಕಿಂತ ಜಾಸ್ತಿ ಎಳೆದುಬಿಡುತ್ತದೆ. ಅದಕ್ಕೇ ಎಎಂಡಿ ಈ ಕಾರ್ಡಿಗೆ 750 ವಾಟ್ ಸಪ್ಲೈ ಹಾಕಿ ಅನ್ನುತ್ತದೆ."

"80 ಪ್ಲಸ್ ಗೋಲ್ಡ್ ಅಂತ ಇದ್ದರೆ ಕಣ್ಣು ಮುಚ್ಚಿ ತಗೋಬಹುದು" ಎಂದ ಗುಂಡ.

"ಕಣ್ಣು ತೆರೆದೇ ತಗೋ. ಗೋಲ್ಡ್ ಅನ್ನೋದು ಎಷ್ಟು ಕರೆಂಟ್ ಶಾಖವಾಗಿ ಪೋಲಾಗುತ್ತದೆ ಅನ್ನುವ ಲೆಕ್ಕ ಮಾತ್ರ. ಒಳಗಿನ ಕೆಪಾಸಿಟರ್ ಹೇಗಿದೆ, ಶಾರ್ಟ್ ಆದರೆ ತಾನೇ ನಿಲ್ಲುತ್ತದಾ ಅನ್ನೋದನ್ನು ಅದು ಹೇಳುವುದಿಲ್ಲ. ಬಿಚ್ಚಿ ಪರೀಕ್ಷೆ ಮಾಡಿದವರ ವರದಿ ಓದಬೇಕು, ವಾರಂಟಿ ಎಷ್ಟು ವರ್ಷ ನೋಡಬೇಕು."

"ಕೇಬಲ್ ಕಡಿಮೆ ಬಿದ್ದರೆ ಚಿಂತೆ ಇಲ್ಲ, ನನ್ನ ಹತ್ತಿರ ಒಂದು ಚೀಲ ತುಂಬ ಹಳೆಯವು ಇವೆ" ಎಂದು ಗುಂಡ ಉದಾರನಾದ.

ಪದ್ದಿ ಎದ್ದೇ ನಿಂತಳು. "ಆ ಚೀಲ ಮುಟ್ಟಬೇಡ! ಸಪ್ಲೈ ಕಡೆಯ ತುದಿಯಲ್ಲಿ ಯಾವ ಪಿನ್‌ಗೆ ಯಾವ ತಂತಿ ಅಂತ ಎಲ್ಲ ಕಂಪನಿಗೂ ಒಂದೇ ನಿಯಮ ಇಲ್ಲ. ಅಲ್ಲಿ ಕನೆಕ್ಟರ್ ಸಲೀಸಾಗಿ ಕೂರುತ್ತದೆ, ಆದರೆ 5 ವೋಲ್ಟ್ ಬರಬೇಕಾದ ಕಡೆ 12 ಬರಬಹುದು. ಒಂದು ಸಪ್ಲೈಯ ಕೇಬಲ್ ಆ ಸಪ್ಲೈಗೆ ಮಾತ್ರ."

ಕೂರದೇ ಇರುವುದು ಪುಣ್ಯ, ಕೂತು ಸುಡುವುದು ಪಾಪ. ಸಾಕೆಟ್ ತಪ್ಪಾದರೆ ಕೈಗೆ ತಿಳಿಯುತ್ತದೆ, ಕೇಬಲ್ ತಪ್ಪಾದರೆ ಮೂಗಿಗೆ.

ಕೇಸ್ ವಿಷಯ ಬೇಗ ಮುಗಿಯಿತು. ಮೈಕ್ರೋ ಎಟಿಎಕ್ಸ್ ಬೋರ್ಡ್ ದೊಡ್ಡ ಎಟಿಎಕ್ಸ್ ಕೇಸಿನಲ್ಲಿ ಕೂರುತ್ತದೆ, ದೊಡ್ಡ ಬೋರ್ಡ್ ಚಿಕ್ಕ ಕೇಸಿನಲ್ಲಿ ಕೂರುವುದಿಲ್ಲ. ಕಾರ್ಡಿನ ಉದ್ದ, ಕೂಲರಿನ ಎತ್ತರ, ಇವೆರಡನ್ನು ಮಿಲಿಮೀಟರಿನಲ್ಲಿ ನೋಡಬೇಕು. ದೊಡ್ಡ ಟವರ್ ಕೂಲರ್ 165 ಮಿಲಿಮೀಟರ್ ಮುಟ್ಟುತ್ತದೆ. ಮುಂದೆ ನೀರಿನ ಕೂಲರಿನ ರೇಡಿಯೇಟರ್ ಹಾಕಿದರೆ ಅದು ಫ್ಯಾನ್ ಸೇರಿ ಐದು ಸೆಂಟಿಮೀಟರ್ ನುಂಗುತ್ತದೆ ಅನ್ನುವುದನ್ನು ಕೇಸಿನ ಜಾಹೀರಾತು ಹೇಳುವುದಿಲ್ಲ. ಮುಂಭಾಗ ಪೂರ್ತಿ ಗಾಜಿದ್ದು ಪಕ್ಕದಲ್ಲೂ ಗಾಳಿಗೆ ದಾರಿ ಇಲ್ಲದ ಕೇಸನ್ನು ಪದ್ದಿ ಒಂದೇ ಮಾತಿನಲ್ಲಿ ತಳ್ಳಿಹಾಕಿದಳು.

"ಎಲ್ಲ ಒಪ್ಪಿದೆ" ಎಂದ ಸೀನ. "ಲೈಟ್ ಮಾತ್ರ ಬಿಡಲ್ಲ."

"ಹಾಕಿಕೋ. ಮೂರು ಪಿನ್ನಿನದು 5 ವೋಲ್ಟ್, ನಾಲ್ಕು ಪಿನ್ನಿನದು 12 ವೋಲ್ಟ್. 5ರದ್ದನ್ನು 12ಕ್ಕೆ ಚುಚ್ಚಿದರೆ ಒಂದೇ ಸಲ ಜೋರಾಗಿ ಬೆಳಗಿ ಮುಗಿಯುತ್ತದೆ."

"ಲೈಟ್‌ನಿಂದ ಫ್ರೇಮ್ ಏನೂ ಕಡಿಮೆಯಾಗಲ್ಲ ತಾನೇ?"

"ಆಗಲ್ಲ" ಎಂದಳು ಪದ್ದಿ.

"ಖಚಿತವಾಗಿ ಹೇಳೋಕೆ ಬರಲ್ಲ, ನೋಡಬೇಕು" ಎನ್ನುತ್ತಾ ಗುಂಡ ಕ್ಯಾಲ್ಕುಲೇಟರ್ ತೆರೆದ.