ಎರಡೂಕಾಲು ವರ್ಷದ ಮಗ, ಅಜ್ಜ ತಂದ ಸೈಕಲ್: ನಿಮ್ಮಲ್ಲಿ ಹೇಗೆ ಮಾಡಿದ್ರಿ?

ಕಾರವಾರ, ಕಾಜುಬಾಗದಿಂದ ಒಬ್ಬ ತಾಯಿ

ಬೆಳಿಗ್ಗೆ ಪಾವ್ ಮಾರುವವರ ಸೈಕಲ್ ಪೋಂ ಪೋಂ ಅಂದರೆ ಸಾಕು, ನನ್ನ ಮಗ ತಟ್ಟೆ ಬಿಟ್ಟು ಬಾಲ್ಕನಿಗೆ ಓಡ್ತಾನೆ. ಈಗ ಎರಡೂಕಾಲು ವರ್ಷ. ಈ ಹುಚ್ಚು ನೋಡಿ ಅವನ ಅಜ್ಜ ಸೈಡ್ ವೀಲ್ ಇರುವ 12 ಇಂಚಿನ ಸೈಕಲ್ ತಂದಿಟ್ಟಿದ್ದಾರೆ. ಕೂರಿಸಿದರೆ ಪೆಡಲ್ ತುಳಿಯೋಕೆ ಬರೋದಿಲ್ಲ, ಇಳಿಸಿದರೆ ಅಳು. ಕೊನೆಗೆ ಪಕ್ಕದಲ್ಲಿ ಕೂತು ಚಕ್ರ ತಿರುಗಿಸ್ತಾನೇ ಇರ್ತಾನೆ. ಅಜ್ಜನಿಗೆ ಬೇಸರ, "ಇವ ಓಡಿಸೋದೇ ಇಲ್ಲ" ಅಂತ. ನಮ್ಮದು ಎರಡನೇ ಮಹಡಿ, ಅಂಗಳ ಇಲ್ಲ, ಮುಂದಿನ ತಿಂಗಳು ಮಳೆ ಹಿಡೀತದೆ. ತುಳಿಯೋದನ್ನ ಈಗಲೇ ಕಲಿಸಬೇಕಾ? ಮನೆಯೊಳಗೇ ಆಟದಲ್ಲಿ ಏನಾದ್ರೂ ಮಾಡಬಹುದಾ? ನಿಮಗೆ ಆದದ್ದು ಹೇಳಿ.

ಕುಮಟಾ ಕಡೆಯ ಅಂಗನವಾಡಿ ಅಕ್ಕೋರು

ತಂಗೀ, ಚಕ್ರ ತಿರುಗಿಸ್ತಾ ಕೂರ್ತಾನೆ ಅಂದೆಯಲ್ಲ, ಅವನ ಸೈಕಲ್ ಪಾಠ ಆಗಲೇ ಶುರುವಾಗಿದೆ. ತುಳಿಯೋದು ಸಾಮಾನ್ಯವಾಗಿ 3 ವರ್ಷದ ಹೊತ್ತಿಗೆ ಬರ್ತದೆ, ಅದೂ ಮೂರು ಚಕ್ರದ ಸೈಕಲ್ಲಿನಲ್ಲಿ. ಒಂದು ಕಾಲು ಒತ್ತುವಾಗ ಇನ್ನೊಂದು ಕಾಲನ್ನ ಸಡಿಲ ಬಿಡಬೇಕು. ಚಿಕ್ಕವು ಎರಡನ್ನೂ ಒಟ್ಟಿಗೇ ಒತ್ತುತ್ತವೆ, ಸೈಕಲ್ ನಿಂತಲ್ಲೇ ನಿಲ್ತದೆ. ಅಜ್ಜನಿಗೆ ಹೇಳು, ಹುಡುಗ ದಡ್ಡ ಅಲ್ಲ, ವಯಸ್ಸು ಅಷ್ಟೆ.

ನಾನು ಮಾಡೋದು ಹೀಗೆ. ಊಟದ ಮಣೆಯ ಒಂದು ತುದಿಗೆ ದಿಂಬು ಕೊಟ್ಟು ಓರೆ ಮಾಡ್ತೇನೆ. ಬುಟ್ಟಿಯಲ್ಲಿ ಡಬ್ಬಿ ಮುಚ್ಚಳ, ಬಳೆ, ಬೆಂಕಿಪೆಟ್ಟಿಗೆಯ ಖಾಲಿ ಡಬ್ಬ, ತೆಂಗಿನ ಕರಟ, ಸೌಟು (ಬಾಯಿಗೆ ಹೋಗುವಷ್ಟು ಸಣ್ಣದು ಬೇಡ). ಒಂದೊಂದೇ ಮೇಲಿಂದ ಬಿಡೋದು, "ಇದು ಉರುಳ್ತದೋ, ಜಾರ್ತದೋ?" ಅಂತ ಕೇಳೋದು. ಅದೇ ಮುಚ್ಚಳ ನಿಲ್ಲಿಸಿ ಬಿಟ್ಟರೆ ಉರುಳ್ತದೆ, ಮಲಗಿಸಿ ಬಿಟ್ಟರೆ ಜಾರ್ತದೆ. ಇದನ್ನ ಮಗು ತಾನಾಗೇ ಕಂಡುಕೊಂಡಾಗ ಅದರ ಮುಖ ನೋಡಬೇಕು. ಕರಟ ಮಾತ್ರ ಸೊಟ್ಟ ಸೊಟ್ಟ ತಿರುಗಿ ಕಪಾಟಿನ ಅಡಿಗೆ ಹೋಗಿಬಿಡ್ತದೆ, ಮಕ್ಕಳಿಗೆ ಅದೇ ಹೆಚ್ಚು ಇಷ್ಟ. ಇನ್ನು ಎರಡು ಮುಚ್ಚಳಕ್ಕೆ ತೂತು ಹಾಕಿ ಹಿಡಿಕಡ್ಡಿ ತೂರಿಸಿದರೆ ಗಾಲಿ ಆಯ್ತು. ಒಂದರ ತೂತನ್ನ ಬೇಕಂತಲೇ ನಡುವಿನಿಂದ ಸರಿಸಿ ಹಾಕು. ಗಾಡಿ ಕುಂಟ್ತದೆ. ಯಾಕೆ ಕುಂಟಿತು ಅಂತ ನೀನು ಹೇಳಬೇಡ.

ಎಣಿಕೆಯೂ ಆಗ್ತದೆ. ಸೈಕಲ್ಲಿಗೆ 2, ರಿಕ್ಷಾಕ್ಕೆ 3. ಬಸ್ಸಿಗೆ 4 ಅಂತ ನಾನು ಹೇಳಿದ್ದಕ್ಕೆ ಒಂದು ಪುಟ್ಟ ಹುಡುಗಿ ಬಗ್ಗಿ ನೋಡಿ, ಹಿಂದೆ ಜೋಡಿ ಜೋಡಿ ಇದೆ ಅಂತ ನನಗೇ ತಿದ್ದಿದಳು. ಹೌದಲ್ಲ, 6.

ಮನೆಯೊಳಗೆ ಬ್ರೇಕಿನ ಪಾಠಕ್ಕೆ ಬಸ್ ಆಟ. ತಟ್ಟೆ ಹಿಡಿದು ಮಗು ಡ್ರೈವರ್, ನೀನು ಕಂಡಕ್ಟರ್. "ರೈಟ್" ಅಂದರೆ ಓಡಬೇಕು, "ಹೋಲ್ಡಾನ್" ಅಂದರೆ ಅಲ್ಲೇ ನಿಲ್ಲಬೇಕು. ಓಡುವಾಗ ಹೇಳಿದ ಕೂಡಲೇ ನಿಲ್ಲೋಕೆ ಬಂದ ಮೇಲೆಯೇ ರಸ್ತೆ ಬದಿಗೆ ಸೈಕಲ್ ತರುವ ಮಾತು.

ಶಿರಸಿ ಹತ್ತಿರದ ಹಳ್ಳಿ, ಇಬ್ಬರು ಮಕ್ಕಳ ಅಪ್ಪ

ಅಕ್ಕಾ, ನಾನು ತಪ್ಪು ಮಾಡಿ ಕಲಿತವ, ಅದಕ್ಕೆ ಉದ್ದ ಬರೀತೇನೆ. ದೊಡ್ಡ ಮಗಳಿಗೆ ಮೂರು ತುಂಬುವ ಮೊದಲೇ ಸೈಡ್ ವೀಲ್ ಸೈಕಲ್ ಕೊಡಿಸಿದ್ದೆ. ಎರಡು ವರ್ಷ ಅಡಿಕೆ ಅಂಗಳ ಸುತ್ತಿದಳು, ನೋಡೋಕೆ ಪಿ.ಟಿ. ಉಷಾ ಥರ ವೇಗ. ಸೈಡ್ ವೀಲ್ ಬಿಚ್ಚಿದ ದಿನ ಮೊದಲ ತಿರುವಿನಲ್ಲೇ ಬಿದ್ದಳು. ಎರಡು ಚಕ್ರದ ಸೈಕಲ್ ಯಾವ ಕಡೆ ತಿರುಗ್ತದೋ ಆ ಕಡೆಗೇ ವಾಲಬೇಕು, ಸೈಡ್ ವೀಲ್ ವಾಲೋಕೇ ಬಿಡೋದಿಲ್ಲ. ಅಷ್ಟು ದಿನ ಅವಳು ಕಲಿತದ್ದು ತುಳಿಯೋದನ್ನ ಮಾತ್ರ. ಆಮೇಲೆ ಆರು ತಿಂಗಳು ಸೈಕಲ್ ಮುಟ್ಟಲಿಲ್ಲ.

ಚಿಕ್ಕವನಿಗೆ ಅದೇ ಸೈಕಲ್, ಆದರೆ ಸೈಡ್ ವೀಲೂ ತೆಗೆದೆ, ಪೆಡಲೂ ತೆಗೆದೆ. ಸೀಟು ಪೂರಾ ಇಳಿಸಿದೆ. ಕೂತಾಗ ಎರಡೂ ಪಾದ ಹಿಮ್ಮಡಿ ಸಮೇತ ನೆಲಕ್ಕೆ ಊರಬೇಕು. ಊರದಿದ್ದರೆ ಸೈಕಲ್ ಇನ್ನೂ ದೊಡ್ಡದು, ಕಾಯಬೇಕು. ಮೊದಮೊದಲು ಅವ ಹತ್ತಲೇ ಇಲ್ಲ. ಕರು ಹಿಡಿದುಕೊಂಡು ಹೋದ ಹಾಗೆ ಹ್ಯಾಂಡಲ್ ಹಿಡಿದು ಪಕ್ಕದಲ್ಲಿ ನಡೀತಿದ್ದ. ನಾವು ಸುಮ್ಮನಿದ್ದೆವು. ಆಮೇಲೆ ಕೂತು ನಡೆದ, ಆಮೇಲೆ ಕೂತು ಓಡಿದ, ಒಂದು ಸಂಜೆ ಎರಡೂ ಕಾಲು ಎತ್ತಿ ಅರ್ಧ ಅಂಗಳ ತೇಲಿಕೊಂಡು ಬಂದ. ನಾಲ್ಕಕ್ಕೆ ಪೆಡಲ್ ಹಾಕಿಕೊಟ್ಟೆ. ಸೀಟು ಹಿಡಿದು ಹಿಂದೆ ಓಡುವ ಕೆಲಸವೇ ನನಗೆ ಸಿಗಲಿಲ್ಲ, ಸ್ವಲ್ಪ ಬೇಜಾರೇ ಆಯ್ತು.

"ಪೆಡಲ್ ಇಲ್ಲದ ಸೈಕಲ್ ಎಂತಕ್ಕೆ" ಅಂತ ಅಪ್ಪ ಬೈದಿದ್ದರು. ಸೈಕಲ್ ಹುಟ್ಟಿದ್ದೇ ಹಾಗೆ ಅಂತ ಹೇಳಿದೆ. 1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಮಾಡಿದ ಮರದ ಗಾಡಿಗೆ ಎರಡು ಚಕ್ರ, ಒಂದು ಹ್ಯಾಂಡಲ್, ಅಷ್ಟೇ. ದೊಡ್ಡ ದೊಡ್ಡ ಗಂಡಸರು ಕೂತು ನೆಲ ಒದ್ದುಕೊಂಡು ಹೋಗ್ತಿದ್ದರು. ಪೆಡಲ್ ಚಾಲ್ತಿಗೆ ಬಂದದ್ದು 1860ರ ದಶಕದಲ್ಲಿ, ಫ್ರಾನ್ಸಿನಲ್ಲಿ. "ಹಂಗಾರೆ ಅಡ್ಡಿಲ್ಲೆ" ಅಂದರು ಅಪ್ಪ.

ಬಿಚ್ಚುವಾಗ ಒಂದು ಜಾಗ್ರತೆ. ಬಲಗಡೆಯ ಪೆಡಲ್ ಎಲ್ಲ ನಟ್ಟಿನ ಹಾಗೇ ಬಿಚ್ತದೆ. ಎಡಗಡೆಯದು ಉಲ್ಟಾ, ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಸಡಿಲ ಆಗೋದು. ಗೊತ್ತಿಲ್ಲದೆ ನಾನು ಜೋರು ಹಾಕಿ ಹಾಕಿ ಥ್ರೆಡ್ ಕೆಡಿಸಿದ್ದೆ.

ನಮ್ಮಲ್ಲೂ ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟಿ ಜಾರ್ತದೆ, ಸೈಕಲ್ ಒಳಗೆ. ಆಗ ಜಗಲಿಯ ಮೇಲೆ ಅಡಿಕೆ ಹಾಳೆ. ಒಬ್ಬ ಕೂರೋದು, ಇನ್ನೊಬ್ಬ ಎಳೆಯೋದು. ತಿರುವಿನಲ್ಲಿ ಯಾವ ಕಡೆ ವಾಲಿದರೆ ಉರುಳೋದಿಲ್ಲ ಅಂತ ಕುಂಡೆಗೇ ಗೊತ್ತಾಗ್ತದೆ. ನಿಮಗೆ ಹಾಳೆ ಸಿಗದಿದ್ದರೆ ಹಳೆ ಬೆಡ್‌ಶೀಟ್ ಆದೀತು.

ಭಟ್ಕಳದಿಂದ

ಎಲ್ಲ ಸೇರಿ ಸೈಡ್ ವೀಲಿಗೆ ಶಾಪ ಹಾಕಬೇಡಿ ಮಾರಾಯ್ರೆ. ನನ್ನ ಮಗಳು ಬಹಳ ಅಂಜುವವಳು. ಸೈಡ್ ವೀಲ್ ಇಲ್ಲದಿದ್ದರೆ ಹತ್ತುತ್ತಲೇ ಇರಲಿಲ್ಲ. ಅವಳು ತಡವಾಗಿಯೇ ಕಲಿತಳು, ಏನು ಹಾಳಾಯ್ತು?

ಅಂಕೋಲಾ, ಒಬ್ಬ ತಾಯಿ

ಚಕ್ರ ತಿರುಗಿಸೋಕೆ ಬಿಡಿ ಅಂತ ಎಲ್ಲ ಹೇಳ್ತಿದ್ದೀರಿ, ಕಡ್ಡಿಗಳ ಕಡೆ ಯಾರೂ ನೋಡ್ತಿಲ್ಲ. ಎರಡೂವರೆ ವರ್ಷದ ಮಗಳನ್ನ ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹತ್ತಿರದ ಅಂಗಡಿಗೆ ಹೊರಟಿದ್ದೆ. ಕಾಲು ಇಡೋಕೆ ಏನೂ ಇರಲಿಲ್ಲ. ಹಿಮ್ಮಡಿ ಕಡ್ಡಿಯೊಳಗೆ ಹೋಯ್ತು. ಮೂರು ವಾರ ಡ್ರೆಸ್ಸಿಂಗ್. ತಪ್ಪು ನನ್ನದೇ, ಇವತ್ತಿಗೂ ಆ ಕಲೆ ನೋಡಿದರೆ ಹೊಟ್ಟೆ ಹಿಂಡ್ತದೆ.

ಅದಕ್ಕೇ, ಜೋರಾಗಿ ತಿರುಗಿಸೋದು ದೊಡ್ಡವರ ಕೈ, ಮಗು ದೂರದಿಂದ ನೋಡಲಿ. ಚೈನಿಗೆ ಪೂರಾ ಮುಚ್ಚುವ ಕವರ್ ಇರಲಿ. ಹೆಲ್ಮೆಟ್ ಮೊದಲ ದಿನದಿಂದಲೇ, ಹುಬ್ಬಿನ ಮೇಲೆ ಎರಡು ಬೆರಳಷ್ಟೇ ಜಾಗ ಬಿಟ್ಟು ಕೂರಬೇಕು. ಸೈಕಲ್ಲಿಂದ ಇಳಿದು ಜಾರುಬಂಡಿ ಹತ್ತುವಾಗ ಮಾತ್ರ ತೆಗೆದುಬಿಡಿ, ಅದರ ಪಟ್ಟಿ ಎಲ್ಲಿಯಾದ್ರೂ ಸಿಕ್ಕಿ ಕುತ್ತಿಗೆ ಬಿಗೀಬಹುದು.

ಹೊನ್ನಾವರ, ಮೂವತ್ತು ವರ್ಷ ಸೈಕಲ್ ರಿಪೇರಿ ಮಾಡಿದವ

ತಂಗೀ, ಸೈಕಲ್ ತಲೆಕೆಳಗೆ ಮಾಡಿ ನಿಲ್ಲಿಸು. ಪೆಡಲ್ ಬಿಚ್ಚುವ ಮೊದಲೇ ಇದೊಂದು ತೋರಿಸು. ನೀನು ಪೆಡಲ್ ತಿರುಗಿಸು, ಹಿಂದಿನ ಚಕ್ರ ಮಾತ್ರ ತಿರುಗ್ತದೆ, ಮುಂದಿನದು ಸುಮ್ಮನೆ. ಪೆಡಲ್ ನಿಲ್ಲಿಸು, ಚಕ್ರ ನಿಲ್ಲೋದಿಲ್ಲ, ಟಿಕ್ ಟಿಕ್ ಟಿಕ್ ಅಂತದೆ. ಅದು ಫ್ರೀವೀಲ್. ನನ್ನ ಅಂಗಡಿ ಮುಂದೆ ಮಕ್ಕಳು ಆ ಸದ್ದಿಗೇ ನಿಲ್ತಿದ್ದರು, ತಾಯಂದಿರು ಎಳಕೊಂಡು ಹೋಗಬೇಕಾಗ್ತಿತ್ತು.

ಟಯರಿಗೆ ಟ್ಯೂಬ್ ಇದ್ದರೆ ಗಾಳಿ ತೆಗೆದು ಹೆಬ್ಬೆರಳಿಂದ ಒತ್ತಿಸು, ಹೊಡೆದು ಮತ್ತೆ ಒತ್ತಿಸು. ಅಂದಹಾಗೆ ಗಾಳಿ ಟಯರ್ ಇವತ್ತು ಎಲ್ಲ ಗಾಡಿಗೂ ಬಂದದ್ದು ಒಬ್ಬ ಸಣ್ಣ ಹುಡುಗನಿಂದ. ಬೆಲ್‌ಫಾಸ್ಟಿನ ಪಶುವೈದ್ಯ ಡನ್ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ ಕುಲುಕ್ತದೆ ಅಂತ ಮಾಡಿದ್ದು, 1888ರಲ್ಲಿ ಪೇಟೆಂಟ್ ಆಯ್ತು.

ಕಾರವಾರದಲ್ಲಿದ್ದು ಅಂಗಳ ಇಲ್ಲ ಅಂತೀಯಲ್ಲ! ಮಳೆ ಮುಗಿದ ಮೇಲೆ ಇಳಿತದ ಹೊತ್ತಿಗೆ ಟಾಗೋರ್ ಕಡಲತೀರಕ್ಕೆ ಹೋಗು. ಒಣ ಮರಳಲ್ಲಿ ಚಕ್ರ ಹೂತುಹೋಗ್ತದೆ, ನೀರು ಇಳಿದ ಒದ್ದೆ ಮರಳು ಗಟ್ಟಿ, ಬಿದ್ದರೂ ಮೊಣಕಾಲು ತರಚೋದಿಲ್ಲ. ಚಕ್ರದ ಗುರುತು ತೋರಿಸು. ನೆಟ್ಟಗೆ ಹೋದರೆ ಒಂದೇ ಗೆರೆ, ತಿರುಗಿದರೆ ಎರಡಾಗ್ತದೆ. ಮನೆಗೆ ಬಂದ ಕೂಡಲೇ ಸಿಹಿನೀರಲ್ಲಿ ತೊಳೆದು ಒರೆಸಿ ಚೈನಿಗೆ ಎರಡು ಹನಿ ಮೆಷಿನ್ ಎಣ್ಣೆ. ಹೆಚ್ಚು ಹಾಕಿದರೆ ಮರಳು ಅಂಟ್ತದೆ. ಉಪ್ಪು ಗಾಳಿಗೆ ಚೈನ್ ತುಕ್ಕು ಹಿಡಿಯೋಕೆ ವಾರ ಸಾಕು. ಒರೆಸುವ ಬಟ್ಟೆ ಹುಡುಗನ ಕೈಗೇ ಕೊಡು. ಹ್ಯಾಂಡಲ್ ಒರೆಸು, ರಿಮ್ ಒರೆಸು, ಮಡ್‌ಗಾರ್ಡ್ ಒರೆಸು ಅಂತ ಹೇಳ್ತಾ ಹೋದರೆ ಹೆಸರೆಲ್ಲ ಬಾಯಿಗೆ ಬರ್ತದೆ.

ಕಾಜುಬಾಗದ ತಾಯಿ, ದೀಪಾವಳಿ ಆದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಮಳೆ ಇಡೀ ಮುಚ್ಚಳ ಮತ್ತು ಕರಟದಲ್ಲೇ ಕಳೀತು. ಬೆಡ್‌ಶೀಟ್ ಎಳೆದು ಎಳೆದು ನನ್ನ ಸೊಂಟ ಹೋಯ್ತು. "ಹೋಲ್ಡಾನ್" ಈಗ ಅವನು ನಮಗೇ ಹೇಳ್ತಾನೆ, ನಾನು ಅನ್ನದ ಪಾತ್ರೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತುಬಿಡಬೇಕು.

ಕಳೆದ ಭಾನುವಾರ ಯುದ್ಧನೌಕೆ ಮ್ಯೂಸಿಯಂ ಹತ್ತಿರ ಮರಳಿಗೆ ಇಳಿಸಿದೆವು. ಇನ್ನೂ ಕಾಲು ಎತ್ತೋದಿಲ್ಲ, ಕೂತು ನಡೀತಾನೆ, ಅರ್ಧ ದಾರಿ ಇಳಿದು ತಳ್ತಾನೆ. ಆದರೆ ತಿರುಗಿದ ಕಡೆ ಕೂತು ಗೆರೆ ನೋಡಿ "ಎಲ್ಡು" ಅಂದ. ಅಜ್ಜನಿಗೆ ಅಷ್ಟೇ ಸಾಕಾಯ್ತು. ಬಿಚ್ಚಿದ ಪೆಡಲ್‌ಗಳನ್ನ ಅವರೇ ಎಣ್ಣೆ ಸವರಿ, ಪೇಪರ್ ಸುತ್ತಿ, ಒಂದರ ಮೇಲೆ "ಎಡ", ಒಂದರ ಮೇಲೆ "ಬಲ" ಅಂತ ಬರೆದು ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ.