ಸಿಡಿದ ನಕ್ಷತ್ರದಲ್ಲಿ ಧೂಳು ಹುಟ್ಟೋದು ಹೇಗೆ?

ಪ್ರಶ್ನೆ:
ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವ ಮೇಷ್ಟ್ರು ನಾನು. ಸೂಪರ್‌ನೋವಾದಲ್ಲಿ ಧೂಳು ಹುಟ್ಟುತ್ತದೆ ಅಂತ ಓದಿದೆ. ಅಷ್ಟು ಬಿಸಿಯಲ್ಲಿ ಎಲ್ಲವೂ ಆವಿಯಾಗಬೇಕಲ್ವಾ? ಧೂಳಿನ ಮೇಲೆ ಹಿಮ ಕಟ್ಟುವ ಮಾತೂ ಇತ್ತು. ಯಾರಾದರೂ ಬಿಡಿಸಿ ಹೇಳ್ತೀರಾ?

ಉತ್ತರ 1:
ಮೇಷ್ಟ್ರೇ, ಧೂಳು ಸಿಡಿದಾಗ ಹುಟ್ಟುವುದಿಲ್ಲ, ಆಮೇಲೆ ಹುಟ್ಟುತ್ತದೆ. ಅನಿಲ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಹರಡುತ್ತದೆ, ಹರಡಿದಷ್ಟೂ ತಣ್ಣಗಾಗುತ್ತದೆ. ದೀಪದ ಉರಿಯ ಮೇಲೆ ತಟ್ಟೆ ಹಿಡಿದರೆ ಕಾಡಿಗೆ ಕಟ್ಟುತ್ತದಲ್ಲ, ಹಾಗೆ ಕಾರ್ಬನ್, ಸಿಲಿಕಾನ್‌ಗಳೆಲ್ಲ ಕೂಡಿಕೊಂಡು ಕಣವಾಗುತ್ತವೆ.

ನನಗೆ ತುಂಬಾ ಇಷ್ಟವಾದ ಸಾಕ್ಷಿ 1987ಎ ಎಂಬ ಸೂಪರ್‌ನೋವಾ. ಅದು 1987ರ ಫೆಬ್ರವರಿಯಲ್ಲಿ ದೊಡ್ಡ ಮೆಗೆಲಾನಿಕ್ ಮೋಡ ಎಂಬ ನೆರೆಯ ಗೆಲಾಕ್ಸಿಯಲ್ಲಿ ಕಾಣಿಸಿತು, ಸುಮಾರು 1,68,000 ಜ್ಯೋತಿರ್ವರ್ಷ ದೂರ. ತಮಿಳುನಾಡಿನಲ್ಲಿರುವ ನಮ್ಮ ಕಾವಲೂರು ವೀಕ್ಷಣಾಲಯದಿಂದಲೂ ನೋಡಿದ್ದರು, ದಕ್ಷಿಣ ದಿಗಂತಕ್ಕೆ ತೀರಾ ಹತ್ತಿರ. ಸುಮಾರು 500 ದಿನ ಕಳೆದ ಮೇಲೆ ಅದರ ರೋಹಿತದ (ಬಣ್ಣಗಳಾಗಿ ಬಿಡಿಸಿದ ಬೆಳಕಿನ) ಗೆರೆಗಳ ಕೆಂಪು ಬದಿ ಮಂಕಾಯಿತು. ಕೆಂಪು ಬದಿ ಅಂದರೆ ನಮ್ಮಿಂದ ದೂರ ಓಡುತ್ತಿರುವ ಆಚೆ ಕಡೆಯ ಅನಿಲದ ಬೆಳಕು. ನಡುವೆ ಹೊಸದಾಗಿ ಕಟ್ಟಿದ ಧೂಳು ಅದನ್ನು ತಡೆಯುತ್ತಿತ್ತು! ಅದೇ ಹೊತ್ತಿಗೆ ಇನ್‌ಫ್ರಾರೆಡ್ ಬೆಳಕು ಹೆಚ್ಚಿತು.

ಆಗ ಲೆಕ್ಕಕ್ಕೆ ಸಿಕ್ಕ ಧೂಳು ತೀರಾ ಕಡಿಮೆ. 2011ರಲ್ಲಿ ಹರ್ಷಲ್ ಬಾಹ್ಯಾಕಾಶ ದೂರದರ್ಶಕದ ಫಲಿತಾಂಶ ಬಂದಾಗ ಅದು ಸೂರ್ಯನ ಅರ್ಧದಷ್ಟು ತೂಕ ಅಂತಾಯಿತು. ಉಷ್ಣತೆ ಸುಮಾರು ಮೈನಸ್ 250 ಡಿಗ್ರಿ. ತಣ್ಣಗಿನ ಧೂಳು ಹಳೆಯ ಉಪಕರಣಗಳ ಕಣ್ಣಿಗೆ ಬಿದ್ದಿರಲೇ ಇಲ್ಲ. ಆಮೇಲೆ ಚಿಲಿಯ ಆಲ್ಮಾ ರೇಡಿಯೋ ದೂರದರ್ಶಕ ನೋಡಿ, ಧೂಳು ಸಿಡಿದ ವಸ್ತುವಿನ ಒಳಭಾಗದಲ್ಲೇ ಇದೆ ಅಂತ ತೋರಿಸಿತು.

ಉತ್ತರ 2:
ನೀರಿನ ಹಿಮಕ್ಕೆ ಚಳಿಯೊಂದೇ ಸಾಲದು. ಆಕ್ಸಿಜನ್, ಹೈಡ್ರೋಜನ್ ಕಣದ ಮೈಮೇಲೆ ಬಂದು ಕೂರಬೇಕು, ನಕ್ಷತ್ರಗಳ ಬೆಳಕೂ ತಾಗಬಾರದು. ಅಂಥ ಜಾಗ ದಟ್ಟವಾದ ಕಪ್ಪು ಮೋಡಗಳು. ಮಿಥುನ ರಾಶಿಯ ಐಸಿ 443 ಎಂಬ ಸೂಪರ್‌ನೋವಾ ಅವಶೇಷ ಇಂಥದ್ದೇ ದಟ್ಟ ಮೋಡಕ್ಕೆ ಗುದ್ದಿದೆ. ಹಾಗೆ ಸಿಡಿತದಿಂದ ಹೊರಟ ಆಘಾತದ ಅಲೆ ಬಡಿದಾಗ ಮೊದಲು ಕಿತ್ತುಹೋಗುವುದು ಹಿಮ. ಒಳಗಿನ ಕಲ್ಲಿನಂಥ ಭಾಗ ಜಾಸ್ತಿ ತಾಳುತ್ತದೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಅಲೆಗೆ ಸಿಕ್ಕಿ ಹೊಸ ಧೂಳೂ ಹಾಳಾಗಲ್ವಾ?

ಉತ್ತರ 1:
ಬಹಳಷ್ಟು ಹಾಳಾಗುತ್ತದೆ. ಒಳಮುಖವಾಗಿ ತಿರುಗಿದ ಅಲೆ ಕ್ಯಾಸಿಯೋಪಿಯಾ ಎ ಅವಶೇಷದಲ್ಲಿ ಈಗಲೂ ಆ ಕೆಲಸ ಮಾಡುತ್ತಿದೆ. ಚಿಕ್ಕ ಕಣಗಳು ಬೇಗ ಸವೆಯುತ್ತವೆ, ದಪ್ಪನೆಯವು ಉಳಿಯಬಲ್ಲವು. ಉಳಿದವು ನಮ್ಮ ಕೈಗೂ ಬಂದಿವೆ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕೆಯ ಕೆಲವು ಸಿಲಿಕಾನ್ ಕಾರ್ಬೈಡ್ ಕಣಗಳಲ್ಲಿ ಕ್ಯಾಲ್ಸಿಯಂ-44 ಇರಬೇಕಾದದ್ದಕ್ಕಿಂತ ಜಾಸ್ತಿ ಇದೆ. ಅದು ಸೂಪರ್‌ನೋವಾದಲ್ಲಿ ಹುಟ್ಟಿದ ಟೈಟಾನಿಯಂ-44 ಕ್ಷಯಿಸಿ ಆದದ್ದು. ಆ ಟೈಟಾನಿಯಂನ ಅರ್ಧಾಯು, ಅಂದರೆ ಅರ್ಧಪಾಲು ಕ್ಷಯಿಸಲು ಬೇಕಾದ ಕಾಲ, ಸುಮಾರು 60 ವರ್ಷ. ಅಂದರೆ ಅದು ಮುಗಿಯುವ ಮುಂಚೆಯೇ ಕಣ ಕಟ್ಟಿರಬೇಕು. ಮಕ್ಕಳಿಗೆ ಈ ಲೆಕ್ಕ ಖಂಡಿತ ಮಾಡಿಸಿ, ಮೇಷ್ಟ್ರೇ.